ಗಾಲಿಗೆ ಕೊಟ್ಟ ಕಲ್ಲು

ಮಾಲೂರು ಸ್ಟೇಷನ್ನಿನ ಗೂಡ್ಸ್ ಷೆಡ್ಡಿನ ತಗಡಿನ ಮೇಲೆ ಮಳೆ ಸುರಿಯುತ್ತಿತ್ತು. ಒಳಗೆ ಹಮಾಲಿಗಳು ಗೋಣಿ ಹೊದ್ದು ಕೂತಿದ್ದರು. ಹೊರಗೆ, ಇಳಿಜಾರಿನ ಹಳಿಯ ಮೇಲೆ, ಚಪ್ಪಡಿ ತುಂಬಿದ ವ್ಯಾಗನ್ನು ನಿಂತಿತ್ತು. ಅದನ್ನು ಕೆಳಗಿನ ಹಳಿಗೆ ಇಳಿಸಿದರೆ ಸಂಜೆಯ ಗೂಡ್ಸ್ ಗಾಡಿ ಕಟ್ಟಿಕೊಂಡು ಬೆಂಗಳೂರಿಗೆ ಒಯ್ಯುತ್ತಿತ್ತು. ಅಲ್ಲಿ ಕಟ್ಟುತ್ತಿದ್ದ ಆಸ್ಪತ್ರೆಗೆ ಗೋಡೆ ಎದ್ದಿತ್ತು, ಸೂರು ಇರಲಿಲ್ಲ. ಯುದ್ಧದಿಂದ ಬಂದ ಗಾಯಾಳುಗಳು ಡೇರೆಯಲ್ಲಿ ನೆನೆಯುತ್ತಿದ್ದರು. ಸೂರಿನ ಚಪ್ಪಡಿ ಒಯ್ಯಲು ಬಂದಿದ್ದ ಓವರ್‌ಸಿಯರ್ ಕೋದಂಡರಾಮಪ್ಪನಿಗೆ ಅದೊಂದೇ ಚಿಂತೆ. ಆದರೆ ವ್ಯಾಗನ್ನಿನ ಗಾಲಿಗೆ, ಉರುಳದಂತೆ, ಯಾರೋ ಕಲ್ಲು ಕೊಟ್ಟಿದ್ದರು. ಯಾರು ಎಂದರೆ ಎಲ್ಲರೂ ತಾನಲ್ಲ ಎಂದರು. ತೆಗೆಯಿರಿ ಎಂದರೆ ಯಾರೂ ಏಳಲಿಲ್ಲ.

“ಬಿ.ಎಸ್ಸಿ. ಓದಿರೋರು, ನೀವೇ ಒಂದು ಕೈ ನೋಡಿ ಸಾಮಿ,” ಎಂದಳು ಇಟ್ಟಿಗೆ ಹೊರುವ ಮುತ್ಯಾಲಮ್ಮ. ಒಂದಿಬ್ಬರು ನಕ್ಕರು.

ಹಿರಿಯ ಹಮಾಲಿ ದೊಡ್ಡಮುನಿಯಪ್ಪ ನಗಲಿಲ್ಲ.

“ಕೂತ್ಕೊಳ್ಳಿ ಸಾಮಿ, ಗಾಡಿಗಿನ್ನೂ ಹೊತ್ತೈತೆ… ನಮ್ಮಲ್ಲಿ ಒಂದು ಕಟ್ಟುಪಾಡೈತೆ. ಗಾಲಿಗೆ ಕಲ್ಲು ಕೊಟ್ಟೋನೇ ತೆಗೀಬೇಕು. ಯಾಕೆ ಹೇಳಿ? ವ್ಯಾಗನ್ ಅಡಿಗೆ ಯಾರು ನುಗ್ಗವ್ರೆ, ಯಾರು ಎದ್ದು ಬಂದ್ರು ಅನ್ನೋದು ಅವನಿಗೇ ಗೊತ್ತಿರ್ತದೆ. ತೆಗೆಯೋಕ್ ಮುಂಚೆ ಬಗ್ಗಿ, ಯಾರಾನ ಇದೀರೇನ್ರಪ್ಪಾ ಅಂತ ಕೂಗಬೇಕು… ಹತ್ತು ವರ್ಷದ ಕೆಳಗೆ, ಹಿಂಗೇ ಮಳೆ, ಇದೇ ಹಳಿ, ಲಕ್ಕೂರಿನ ಮುನಿಯಲ್ಲಪ್ಪ ಅಂತ ಒಬ್ಬ, ಚಪ್ಪಡಿ ಏರಿಸೋದ್ರಲ್ಲಿ ಗಟ್ಟಿಗ, ತಾನೇ ಗಾಲಿಗೆ ಕಲ್ಲು ಕೊಟ್ಟು, ಬೀಡಿ ಹಚ್ಚೋಕೆ ಅಂತ ವ್ಯಾಗನ್ ಅಡಿ ಹೋಗಿ ಕೂತ. ಅಷ್ಟರಲ್ಲಿ ಇಂಜಿನ್ ಕೂಗ್ತು. ಬೆಂಗಳೂರಲ್ಲಿ ಯಾರೋ ಮಹಡಿ ಕಟ್ಟೋರು ಅವಸರ ಮಾಡ್ತಿದ್ರು, ಮೇಸ್ತ್ರಿ ಅಪ್ಪಾಜಪ್ಪಂಗೆ ಗಾಡಿ ತಪ್ಪೀತು ಅಂತ ಗಾಬರಿ. ತಾನು ಕೊಡದ ಕಲ್ಲನ್ನ ತಾನೇ ಕಿತ್ತ… ಕೂಗಲಿಲ್ಲ. ಒಂದು ಮಾತು ಕೂಗಿದ್ದಿದ್ರೆ? ಚಪ್ಪಡಿ ಬೆಂಗಳೂರು ಸೇರಿದ್ವು, ಮಹಡೀನೂ ಎದ್ದಿತು. ಮುನಿಯಲ್ಲಪ್ಪನ್ನ ಗೋಣೀಲಿ ಕಟ್ಟಿ ಲಕ್ಕೂರಿಗೆ ಕಳಿಸಿದ್ವಿ. ಆವತ್ತಿಂದ ಮಳೆ ಹುಯ್ದಾಗ ಒಂದೊಂದ್ಸಲ, ಯಾರೂ ಕೊಡದ ಕಲ್ಲು ಗಾಲಿಗೆ ಬಂದು ಕೂತಿರ್ತದೆ. ಕೊಟ್ಟೋನೇ ತೆಗೀಲಿ ಅಂತ ಕಾಯ್ತೀವಿ. ಮಳೆ ನಿಂತ ಮೇಲೆ ನೋಡಿದ್ರೆ ವ್ಯಾಗನ್ ನಿಂತಲ್ಲೇ ಇರ್ತದೆ… ಕಲ್ಲು ಇರಲ್ಲ.”

ದೂರದಲ್ಲಿ ಇಂಜಿನ್ ಕೂಗಿತು. ಕೋದಂಡರಾಮಪ್ಪ ಎದ್ದು ಷೆಡ್ಡಿನಲ್ಲಿದ್ದವರನ್ನು ನೋಡಿದ; ಚಪ್ಪಡಿ ಏರಿಸಿದವರೆಲ್ಲ ಅಲ್ಲೇ ಇದ್ದರು. ಮಳೆಯಲ್ಲಿ ನಡೆದು ಹೋಗಿ ಗಾಲಿಯ ಬಳಿ ಕುಕ್ಕರುಗಾಲಲ್ಲಿ ಕೂತ. ವ್ಯಾಗನ್ನಿನ ಅಡಿ ಖಾಲಿಯಾಗಿತ್ತು, ಜಲ್ಲಿ ಒಣಗಿಯೇ ಇತ್ತು. ಭಾರ, ಇಳಿಜಾರು, ಒಂದು ಕಲ್ಲು: ಇಷ್ಟೇ ಲೆಕ್ಕ ಎಂದುಕೊಂಡು ಕಲ್ಲಿನ ಮೇಲೆ ಕೈಯಿಟ್ಟ. ಅವರ ಕಟ್ಟುಪಾಡನ್ನು ತಾನೇಕೆ ಮುರಿಯಬೇಕೆಂದು ಬಗ್ಗಿ ಕೂಗಿದ:

“ಯಾರಾದ್ರೂ ಇದೀರೇನಪ್ಪಾ?”

“ಇದೀನಿ ಸಾಮಿ. ಒಂದು ದಮ್ಮು ಎಳ್ಕೊಂಡು ಬಂದ್ಬಿಡ್ತೀನಿ.”

ಒಣ ಜಲ್ಲಿಯ ಮೇಲೆ ಯಾರೂ ಇರಲಿಲ್ಲ. ಬೀಡಿಯ ವಾಸನೆ ಮಾತ್ರ ಬಂತು.

ಅವನು ಕೈ ತೆಗೆದ. ಗೂಡ್ಸ್ ಗಾಡಿ ಬಂತು, ಇಟ್ಟಿಗೆಯ ವ್ಯಾಗನ್ನುಗಳನ್ನಷ್ಟೇ ಕಟ್ಟಿಕೊಂಡು ಹೋಯಿತು. ಡೇರೆಯವರು ಇನ್ನೂ ಒಂದು ದಿನ ನೆನೆಯಬೇಕು. ಷೆಡ್ಡಿಗೆ ಮರಳಿದವನಿಗೆ ದೊಡ್ಡಮುನಿಯಪ್ಪ ಒಣ ಗೋಣಿ ಕೊಟ್ಟ.

“ಕೂಗಿದ್ದು ಒಂದೇ ಸಲ ತಾನೇ ಸಾಮಿ?… ಒಳ್ಳೇದಾಯ್ತು. ಅಪ್ಪಾಜಪ್ಪ ಆಮೇಲೊಂದು ಮಳೆಗಾಲ, ಹಿಂಗೇ ದನಿ ಬಂದ ಮೇಲೂ, ಎದ್ದು ಬಾರೋ ಮುನಿಯಲ್ಲಪ್ಪಾ ಅಂತ ಎರಡನೇ ಸಲ ಕೂಗಿದ. ಮಳೆ ನಿಂತ ಮೇಲೆ ನೋಡಿದ್ರೆ ಕಲ್ಲೂ ಇರಲಿಲ್ಲ, ಅಪ್ಪಾಜಪ್ಪನೂ ಇರಲಿಲ್ಲ… ಅದಕ್ಕೇ ಕೇಳ್ತೀನಿ. ಈಗ ಅಡಿಯಿಂದ ಬಂದಿದ್ದು ಒಬ್ಬನ ದನೀನಾ, ಇಬ್ಬರದಾ?”