ಬಲಗಾಲು ಉದ್ದ ಎಂದ ಗೊಲ್ಲಾಳಪ್ಪನವರು

ಗೊಲ್ಲಾಳಪ್ಪನವರ ಶ್ರೀಮತಿ ಹಂಪಮ್ಮನವರೇ, ಮಗಳು ರೇಣುಕಾ, ಕುಷಾಯಿಗೂಡದಿಂದ ಬಂದಿರುವ ಬಂಧುಗಳೇ, ನಮ್ಮ ಕಾಲೇಜಿನವರೇ — ನಮಸ್ಕಾರ. ನಾನು ದತ್ತಾತ್ರೇಯ, ವೈದ್ಯಕೀಯ ಕಾಲೇಜಿನಲ್ಲಿ ಅಂಗರಚನಾಶಾಸ್ತ್ರದ ಮೇಷ್ಟ್ರು. ಇವತ್ತು ನಾವು ನೆನೆಯಲು ಸೇರಿರುವ ಗೊಲ್ಲಾಳಪ್ಪನವರು ಇಪ್ಪತ್ತಾರು ವರ್ಷ ನಮ್ಮ ಶವಛೇದನ ಕೊಠಡಿಯ ಅಟೆಂಡರ್ ಆಗಿದ್ದರು. ಹೊಗಳಿಕೆ ನನಗೆ ಬರುವುದಿಲ್ಲ. ನಡೆದದ್ದನ್ನು ಹೇಳುತ್ತೇನೆ.

ನಮ್ಮ ಎದೆಗೂ ಹೊಟ್ಟೆಗೂ ನಡುವೆ ಒಂದು ಪರದೆ ಇದೆ — ವಪೆ. ಉಸಿರೆಳೆಯುವುದು ಅದೇ. ಅದರ ಹಿಂಬದಿಯಿಂದ ಎರಡು ಪಟ್ಟಿಗಳು ಇಳಿದು — ಹೀಗೆ, ನನ್ನ ಎರಡು ಬೆರಳು ನೋಡಿ — ಬೆನ್ನುಮೂಳೆಯನ್ನು ಹಿಡಿದಿರುತ್ತವೆ. ಲ್ಯಾಟಿನ್‌ನಲ್ಲಿ ಅದಕ್ಕೆ ‘ಕ್ರಸ್’ ಎನ್ನುತ್ತಾರೆ. ಅಂದರೆ ಕಾಲು, ಮೊಣಕಾಲಿನ ಕೆಳಗಿನದು. ಮಿದುಳಿನಲ್ಲೂ ಕ್ರಸ್ ಇದೆ, ಕಿವಿಯ ಅಂಚಿನಲ್ಲೂ ಇದೆ. ಹೆಸರಿಟ್ಟವರಿಗೆ ಕಂಡಲ್ಲೆಲ್ಲ ಕಾಲೇ ಕಂಡಿದೆ. ಗೊಲ್ಲಾಳಪ್ಪನವರು ಶಹಾಪುರದ ಕಡೆಯಿಂದ ಗಾರೆ ಕೆಲಸಕ್ಕೆಂದು ಹೈದರಾಬಾದಿಗೆ ಬಂದವರು, ಓದಿದ್ದು ಮೂರನೇ ಇಯತ್ತೆ. ಪಾಠ ಕೇಳಿ ಕೇಳಿ ಇವೆಲ್ಲ ಬಾಯಿಪಾಠ ಆಗಿದ್ದವು.

ಹನ್ನೊಂದು ವರ್ಷದ ಹಿಂದೆ ಒಂದು ಮೌಖಿಕ ಪರೀಕ್ಷೆ. ಟ್ರೇಯಲ್ಲಿ ವಪೆ. ಒಂದು ಕ್ರಸ್‌ಗೆ ಪಿನ್ನು ಚುಚ್ಚಿ, ಇದು ಯಾವ ಕಡೆಯದು ಎಂದು ಕೇಳಿದೆ. ಗುರುದೇವಿ — ಅಲ್ಲಿ ಕೂತಿದ್ದಾರೆ, ಈಗ ಡಾಕ್ಟರು — ಬಲಗಡೆಯದು ಅಂದರು. ಎಡಗಡೆಯದು ಅಂದೆ ನಾನು, ಫೇಲ್ ಮಾಡಿದೆ. ಟ್ರೇ ಎತ್ತಲು ಬಂದ ಗೊಲ್ಲಾಳಪ್ಪನವರು ಮೆಲ್ಲಗೆ ಹೇಳಿದರು — “ಸರ, ಬೆನ್ನಿನ ಕಡೆ ಮ್ಯಾಲೈತ್ರಿ, ನೀವು ಮುಂದಿನ ಕಡೆ ಅಂತ ತಿಳ್ಕೊಂಡೀರಿ. ಬಲಗಾಲು ಉದ್ದ ಇರ್ತೈತ್ರಿ, ನೋಡ್ರಿ.”

ನಿಮ್ಮ ಕೆಲಸ ನೋಡಿಕೊಳ್ಳಿ ಅಂದೆ. ಅವರು ಹೇಳಿದ್ದು ಸರಿ ಎಂದು ಅಲ್ಲೇ ಗೊತ್ತಾಗಿತ್ತು. ಆದರೂ ಒಪ್ಪಿಕೊಳ್ಳಲಿಲ್ಲ.

ಮರುದಿನ ಅವರು ವಿಭಾಗದ ಮುಖ್ಯಸ್ಥರ ಬಳಿ ಹೋಗಿ, ಟ್ರೇಯನ್ನು ತಾವೇ ತಪ್ಪಾಗಿ ಇಟ್ಟಿದ್ದಾಗಿ ಹೇಳಿದರು. ಗುರುದೇವಿಯವರಿಗೆ ಮರುಪರೀಕ್ಷೆ ಆಯಿತು, ಪಾಸಾದರು. ಗೊಲ್ಲಾಳಪ್ಪನವರಿಗೆ ಮೆಮೊ. ಸರ್ವಿಸ್ ಪುಸ್ತಕದಲ್ಲಿ ‘ನಿರ್ಲಕ್ಷ್ಯ’ ಎಂದು ಬಿತ್ತು — ಎರಡು ಸಲ ಬಡ್ತಿ ತಪ್ಪಿತು. ಯಾಕೆ ಹೀಗೆ ಮಾಡಿದಿರಿ ಎಂದು ಕೇಳಿದೆ.

“ಹುಡುಗೀದು ವರ್ಷ ಹಾಳಾಗ್ತಿತ್ರಿ. ನಿಮ್ಮ ಬಾಯಿಂದ ಬರೂದಿಲ್ಲ ಅಂತ ಗೊತ್ತಿತ್ತು.”

ಸಿಟ್ಟಿನಿಂದ ಹೇಳಲಿಲ್ಲ. ಆ ಮಾತು ನನಗೆ ಇವತ್ತಿಗೂ ನೋಯುತ್ತದೆ.

ಹಂಪಮ್ಮನವರೇ — ಟ್ರೇ ಸರಿಯಾಗಿಯೇ ಇತ್ತು. ತಪ್ಪು ನನ್ನದು. ಆ ದಾಖಲೆ ಅಳಿಸಬೇಕೆಂದು ಇವತ್ತು ಬೆಳಿಗ್ಗೆ ಪ್ರಾಂಶುಪಾಲರಿಗೆ ನಾನೇ ಬರೆದುಕೊಟ್ಟು ಬಂದಿದ್ದೇನೆ. ಕ್ಷಮಿಸಿ ಎಂದು ನಿಮ್ಮನ್ನು ಕೇಳಲಾರೆ. ಕೇಳಬೇಕಾಗಿದ್ದವರು ಹೋಗಿಬಿಟ್ಟರು.

ಹನ್ನೊಂದು ವರ್ಷ ನನಗೋಸ್ಕರ ಸುಮ್ಮನಿದ್ದೆ. ಈ ಎರಡು ನಿಮಿಷ ಅವರಿಗೋಸ್ಕರ — ಎಲ್ಲರೂ ದಯವಿಟ್ಟು ಎದ್ದು ನಿಲ್ಲಿ.