ಮಾತಾಡದ ಆಟ

...ಹಾಗಲ್ಲ ಕಣೋ, ಇನ್ನೊಂದ್ಸಲ ಕೇಳಿಸ್ಕೋ. ಡಾಕ್ಟ್ರಮ್ಮ ಬಂದು ಕೇಳಿದ್ರೆ "ಇದೇ ಮೊದಲನೇ ಸಲ" ಅನ್ನು. ಅಷ್ಟೇ! ಮುಖ ಯಾಕೆ ಆ ಕಡೆ ತಿರುಗಿಸ್ತೀಯಾ? ನಿನ್ನ ಅಕ್ಕ ನಾನು, ಶತ್ರು ಅಲ್ಲ.

ಬೆಳಕು ಕಣ್ಣಿಗೆ ಚುಚ್ತಿದೆಯಾ? ತಡಿ, ಪರದೆ ಎಳೀತೀನಿ... ಹಾಂ. ತಲೆ ಇನ್ನೂ ಸಿಡೀತಿದೆ ಅಲ್ವಾ. ಒಂಬತ್ತು ದಿನ ಆಯ್ತು! ಮೆನಿಂಜೈಟಿಸ್ಸು, ಮೆದುಳಿನ ಪೊರೆಗೆ ಸೋಂಕು ಅಂತ ಬಾಟ್ಲಿ ಮೇಲೆ ಬಾಟ್ಲಿ ಇಳಿಸಿದ್ರು. ಎರಡು ಸಲ ಬೆನ್ನಿಗೆ ಸೂಜಿ ಹಾಕಿ ನೀರು ತೆಗೆದ್ರು. ನೀರಲ್ಲಿ ಬಿಳಿ ರಕ್ತಕಣ ಜಾಸ್ತಿ ಇದೆಯಂತೆ, ಕ್ರಿಮಿ ಮಾತ್ರ ಒಂದೂ ಇಲ್ವಂತೆ! ಔಷಧಿಯಿಂದ ಕಿಡ್ನಿಗೆ ಬೇರೆ ಏಟು ಬೀಳ್ತಿದೆಯಂತೆ.

ಬೆಳಿಗ್ಗೆ ಡಾಕ್ಟ್ರಮ್ಮ ನನ್ನ ಹೊರಗೆ ಕರೆದು ಕೂರಿಸ್ಕೊಂಡ್ರು. "ಅಪರೂಪದ ಒಂದು ತಲೆನೋವಿನ ಕಾಯಿಲೆ ಇದೆ. ಬೆನ್ನಿನ ನೀರು ನೋಡಿದ್ರೆ ಥೇಟ್ ಸೋಂಕಿನ ಹಾಗೇ ಕಾಣುತ್ತೆ. ಮಾತು ನಿಂತುಹೋಗುತ್ತೆ, ಒಂದು ಕಡೆ ಕೈ ಜೋಮು ಹಿಡಿಯುತ್ತೆ, ತಲೆ ಸಿಡಿಯುತ್ತೆ. ಗಂಟೆಗಳಲ್ಲಿ ಸರಿಹೋಗುತ್ತೆ, ಮತ್ತೆ ಬರುತ್ತೆ. ಎರಡು ಮೂರು ತಿಂಗಳಿಗೆ ತಾನಾಗೇ ಹೋಗುತ್ತೆ. ಅದೇ ಆಗಿದ್ರೆ ಈ ಔಷಧಿ ಬೇಕಾಗೇ ಇಲ್ಲ. ಮೊದಲು ಯಾವತ್ತಾದ್ರೂ ಹೀಗಾಗಿತ್ತಾ?"

ಇಲ್ಲ ಅಂದೆ. ಸೇರಿಸಿದ ದಿನ ನಿನಗೆ ಮಾತಿರ್ಲಿಲ್ವಲ್ಲ, ಅವತ್ತೂ ನಾನೇ ಇಲ್ಲ ಅಂದಿದ್ದೆ.

ಯಾಕೆ ಹಾಗೆ ನೋಡ್ತೀಯಾ? ವೈದ್ಯರ ಹತ್ರ, ವಕೀಲರ ಹತ್ರ ಸುಳ್ಳು ಹೇಳಬಾರದು... ಗೊತ್ತಪ್ಪಾ, ಗೊತ್ತು! ಸ್ಕೂಲ್ ಬಸ್ ಓಡಿಸೋನಿಗೆ ಕೈ ಜೋಮು ಹಿಡಿಯುತ್ತೆ ಅಂತ ಕಾಗದದ ಮೇಲೆ ಬಂದ್ರೆ ಮತ್ತೆ ಯಾರೋ ಸ್ಟೇರಿಂಗ್ ಕೊಡ್ತಾರೆ? ಬಾಯಿ ಬಿಟ್ರೆ ಬಣ್ಣಗೇಡು. ಹೋದ ತಿಂಗಳು ಅಡುಗೆಮನೇಲಿ ನೀರು ಕೇಳಕ್ಕಾಗದೆ ನಲ್ಲಿ ತೋರಿಸಿ ತೋರಿಸಿ ಅತ್ಬಿಟ್ಟೆಯಲ್ಲ, ಅದು ಸುಸ್ತು. ಸುಸ್ತು ಅಂದ್ಕೊಳೋಣ.

ಕಣ್ಣು ಯಾಕೆ ತುಂಬ್ಕೊಂಡೆ? ಆಸ್ಪತ್ರೆಗೆ ಸೇರೋಕೆ ಮುಂಚಿನ ವಾರ ಬಸ್ಸಲ್ಲಿ ಆಗಿದ್ದು ನೆನಪಾಯ್ತಾ? ಯಾರಿಗೂ ಹೇಳಿಲ್ಲ ಕಣೋ. ದೊಡ್ಡವರು ಅಂತ ಬಸ್ಸಲ್ಲಿದ್ದಿದ್ದು ಆಯಾ ನಾನೊಬ್ಬಳೇ ಅಲ್ವಾ. ನೀನು ಹೇಗೋ ಬ್ರೇಕ್ ಒತ್ತಿ ಪಕ್ಕಕ್ಕೆ ನಿಲ್ಲಿಸ್ದೆ. ಬಾಯಿ ತೆರೀತೀಯಾ, ಮಾತೇ ಇಲ್ಲ. ಮಕ್ಕಳಿಗೆ ಏನು ಹೇಳ್ಲಿ? "ಡ್ರೈವರ್ ಮಾಮ ಮಾತಾಡದ ಆಟ ಆಡ್ತಿದ್ದಾರೆ, ನೀವೂ ಆಡಿ" ಅಂದೆ. ಇಪ್ಪತ್ತಾರು ಮಕ್ಕಳು ತುಟಿ ಮೇಲೆ ಬೆರಳಿಟ್ಕೊಂಡು ಮುಕ್ಕಾಲು ಗಂಟೆ ಕೂತಿದ್ವು, ಪಾಪ! ನಿನ್ನ ಬಾಯಲ್ಲಿ "ಅಕ್ಕ" ಅಂತ ಬಂತು ನೋಡು, ತಕ್ಷಣ ನಾನೇ ಅಂದೆ: ಹೊರಡು, ಹೊತ್ತಾಯ್ತು ಅಂತ. ನಿನ್ನ ಬಲಗೈ ಇನ್ನೂ ಸ್ಟೇರಿಂಗಿಂದ ಜಾರ್ತಿತ್ತು. ನೋಡಿದ್ದೆ... ನೋಡಿದ ಮೇಲೂ ಹೊರಡು ಅಂದೆ.

ಯಾಕೋ ನಗ್ತೀಯಾ? ನಗೋ ಮಾತಾ ಇದು? ಅದೇನು ನಗು, ಬಾಯಿ ಸೊಟ್ಟ ಮಾಡ್ಕೊಂಡು... ಬೈಯೋದಾದ್ರೆ ಬೈಯಿ! ಏನಾದ್ರೂ ಅನ್ನೋ. "ಅಕ್ಕ" ಅನ್ನು... ಕೈ ಕೊಡು ಇಲ್ಲಿ. ಬಲಗೈ ಕಣೋ. ನನ್ನ ಬೆರಳು ಹಿಡ್ಕೋ... ಹಿಡ್ಕೊಳ್ಳೋ...

ಅಯ್ಯೋ, ಇಷ್ಟೊತ್ತೂ ನನ್ನ ಮೇಲೆ ಮುನಿಸ್ಕೊಂಡಿದ್ದೀಯಾ ಅಂದ್ಕೊಂಡಿದ್ನಲ್ಲೋ!

ಸಿಸ್ಟರ್! ಸಿಸ್ಟರ್! ಡಾಕ್ಟ್ರಮ್ಮನ್ನ ಕರೀರಿ, ಬೇಗ! ಮೊದಲನೇ ಸಲ ಅಲ್ಲ ಅನ್ನಿ... ನಾಲ್ಕನೇದು ಇದು. ಅವನ ಅಕ್ಕಾನೇ ಹೇಳಿದ್ಲು ಅಂತ ಬರ್ಕೊಳ್ಳಿ.