ಅದು ಕೇಬಲ್ಲಿನ ತಪ್ಪಲ್ಲ

ಎಲ್ಲರಿಗೂ ನಮಸ್ಕಾರ. ಸುಗುಣಕ್ಕ, ನಿಕಿತಾ — ನಿಮ್ಮಿಬ್ಬರ ಮುಂದೆ ನಿಂತು ಮಾತನಾಡಲು ನನಗೆ ಧೈರ್ಯ ಸಾಲುತ್ತಿಲ್ಲ. ಆದರೂ ನಿಂತಿದ್ದೇನೆ. ಈ ಬಿ ವಿಂಗಿನ ಹಿರಿಯರೇ, ಸೊಸೈಟಿಯ ಚೇರ್ಮನ್ ಅಶ್ವತ್ಥನಾರಾಯಣ ಅವರೇ, ಲೋಕಲ್ ರೈಲು ನಿಲ್ಲಿಸುವ ಭಾನುವಾರದ ಮೆಗಾಬ್ಲಾಕ್‌ನಲ್ಲೂ ಠಾಣೆಯಿಂದ, ಡೊಂಬಿವಿಲಿಯಿಂದ, ವಾಶಿಯಿಂದ ಒದ್ದಾಡಿಕೊಂಡು ಕಲ್ಯಾಣದ ಈ ಶ್ರದ್ಧಾಂಜಲಿ ಸಭೆಗೆ ಬಂದ ನಮ್ಮ ಗಿರಾಕಿಗಳೇ —

ನಾನು ಸ್ವರ್ಣಲತಾ. ನಮ್ಮ ಸರ್ವಿಸ್ ಸೆಂಟರಿನಲ್ಲಿ ಫೋನ್ ಎತ್ತುವವಳು ನಾನು, ಬ್ಯಾಗು ಹಿಡಿದು ಮನೆಮನೆಗೆ ಓಡುತ್ತಿದ್ದವರು ವಸಂತಕುಮಾರ್. ನಮ್ಮ ವಸಂತಣ್ಣ. ಮಾನಿಟರ್ ಕಪ್ಪಾಯಿತು, ಅಕ್ಷರ ಮಸುಕಾಯಿತು, ದುಬಾರಿ ಫೋರ್‌ಕೆ ಪರದೆ ತಂದರೂ ಚಿತ್ರ ಹಳೆ ಟೀವಿಯ ಹಾಗೆ ಕಾಣುತ್ತದೆ — ಇದೇ ನಮ್ಮ ದಿನನಿತ್ಯದ ರಾಮಾಯಣ. ನನಗೆ ಭಾಷಣ ಬರುವುದಿಲ್ಲ. ಬೈಯಲು ಬರುತ್ತದೆ. ಇವತ್ತು ಎರಡೂ ಆಗಬಹುದು, ಕ್ಷಮಿಸಿ.

ಈಗ ಮಾತನಾಡಿದವರೊಬ್ಬರು ವಸಂತಣ್ಣ ಪಾಪದ ಮನುಷ್ಯ ಎಂದರು. ಯಾರು ಹೇಳಿದ್ದು ನಿಮಗೆ? ಗಿರಾಕಿಯ ಮನೆಯ ಬೆಲ್ ಒತ್ತುವ ಮೊದಲು ಜೇಬಿನಿಂದ ಬಾಚಣಿಗೆ ತೆಗೆಯುತ್ತಿದ್ದ ಶೋಕಿವಾಲ ಅವರು. ಮೂಗಿನ ತುದಿಯಲ್ಲೇ ಸಿಟ್ಟು. ಗಿರಾಕಿ ಅವಸರದಲ್ಲಿ ಎಲ್ಲವನ್ನೂ ಕಿತ್ತು ಹೊಸದು ಹಾಕಿಬಿಟ್ಟರೆ ಮುಗಿಯಿತು, ಆ ಸಿಟ್ಟು ನನ್ನ ಮೇಲೆ. "ಒಂದು ಸಲಕ್ಕೆ ಒಂದೇ ಬದಲಿಸ್ಬೇಕು ಮಾರಾಯ್ತಿ! ಕೇಬಲ್, ಅಡಾಪ್ಟರ್ ಎರಡೂ ಒಟ್ಟಿಗೆ ಬದಲಿಸಿದ್ರೆ ಕಳ್ಳ ಯಾರು ಅಂತ ಹೇಗೆ ಗೊತ್ತಾಗೋದು?"

ಠಾಣೆಯ ಜಯಂತ್ ಇಲ್ಲೇ ಕೂತಿದ್ದಾರೆ, ಅವರದೊಂದು ಕಥೆ ಹೇಳುತ್ತೇನೆ. ಒಂದು ದಿನ ಫೋನ್ ಮಾಡಿ, "ಮೇಡಂ, ನಾನು ಕುರ್ಚಿಯಿಂದ ಎದ್ರೆ ಸ್ಕ್ರೀನ್ ಹೋಗತ್ತೆ" ಎಂದರು. "ಹಾಗಾದ್ರೆ ಏಳ್ಬೇಡಿ" ಎಂದೆ ನಾನು. ನಗಬೇಡಿ ಜಯಂತ್, ನಿಜವೇ ತಾನೇ? ವಸಂತಣ್ಣ ಹೋದವರು ಕೇಬಲ್ ಮುಟ್ಟಲೇ ಇಲ್ಲ. ಅವರ ಕುರ್ಚಿಯಲ್ಲಿ ಕೂತು ಚಹಾ ಕುಡಿದರು. ಎದ್ದರು, ಕೂತರು, ಮತ್ತೆ ಎದ್ದರು — ಹೀಗೆ. ಎದ್ದಾಗಲೆಲ್ಲ ಪರದೆ ಕಪ್ಪು. ಆ ಕುರ್ಚಿಯ ಕಂಬದಲ್ಲಿ ಏಳುವಾಗ ಕಣ್ಣಿಗೆ ಕಾಣದ ಕಿಡಿಯೊಂದು ಹುಟ್ಟುತ್ತಿತ್ತು, ತೆಳ್ಳಗಿನ ಕೇಬಲ್ ಅದಕ್ಕೆ ಬೆದರುತ್ತಿತ್ತು. ಪರದೆ ಕಪ್ಪಾದರೆ ಪರದೆಯನ್ನೇ ನೋಡುತ್ತಾ ಕೂರಬಾರದು, ಆ ಹೊತ್ತಿಗೆ ಸುತ್ತಮುತ್ತ ಇನ್ನೇನು ನಡೆಯಿತು ಎಂದು ನೋಡಬೇಕು ಎನ್ನುತ್ತಿದ್ದರು.

ನಗು ಸಾಕು. ಈಗ ಈ ವಿಂಗಿನ ವಿಷಯಕ್ಕೆ ಬರುತ್ತೇನೆ.

ವಸಂತಣ್ಣ, ಸುಗುಣಕ್ಕನ ಮನೆಯೂ ಇದೇ ವಿಂಗಿನಲ್ಲಿ. ಮನೆಯಿಂದಲೇ ಕೆಲಸ ಮಾಡುವ ಅವರ ಮಗಳು ನಿಕಿತಾಳ ಮಾನಿಟರ್ ಬೆಳಿಗ್ಗೆ ಹೊತ್ತು ಕಪ್ಪಾಗತೊಡಗಿತು. ಅಪ್ಪ ಕೇಬಲ್ ಬದಲಿಸಿದರು, ಮತ್ತೆ ಕಪ್ಪು. ಅಡಾಪ್ಟರ್ ಬದಲಿಸಿದರು, ಮತ್ತೆ ಕಪ್ಪು. ಒಂದು ದಿನ ಮೇಲಿನ ಮನೆಗೆ ಫೋನ್ ಹಚ್ಚಿ, "ನಿಮ್ದೂ ಈಗ ಹೋಯ್ತಾ?" ಎಂದರು. ಹೋಗಿತ್ತು. ಕೆಳಗಿನ ಮನೆಯಲ್ಲೂ ಹೋಗಿತ್ತು. ಮೂರು ಮನೆಯ ಕೇಬಲ್ ಒಂದೇ ಗಳಿಗೆಯಲ್ಲಿ ಹಾಳಾಗುತ್ತದೆಯೇ, ನೀವೇ ಹೇಳಿ. ಕೇಬಲ್ಲಿನ ಲೋಹದ ಬಾಯಿ ಮುಟ್ಟಿದರೆ ಬೆರಳು ಜುಂ ಎನ್ನುತ್ತಿತ್ತು. ಅವತ್ತು ಸೆಂಟರಿಗೆ ಬಂದ ವಸಂತಣ್ಣ ಊಟದ ಡಬ್ಬಿ ಬಿಚ್ಚಲಿಲ್ಲ.

ಪಂಪ್ ರೂಮಿನ ಹಿಂದೆ ಹೋಗಿ ನೋಡಿದರು. ಅರ್ಥಿಂಗ್ ನೆಲಕ್ಕೆ ಇಳಿಯುವ ತಾಮ್ರದ ಪಟ್ಟಿಯೇ ಇರಲಿಲ್ಲ. ಯಾರೋ ಕತ್ತರಿಸಿ ಮಾರಿಕೊಂಡಿದ್ದಾರೆ. ಕರೆಂಟ್ ಸೋರಿದರೆ ತಾನಾಗಿ ಬೀಳುವ ಸ್ವಿಚ್ಚನ್ನು, ಪದೇ ಪದೇ ಬೀಳುತ್ತದೆ, ಕಿರಿಕಿರಿ ಎಂದು ಮೊದಲೇ ತೆಗೆಸಿಬಿಟ್ಟಿದ್ದೀರಿ. ವಸಂತಣ್ಣ ಚೇರ್ಮನ್ ಸಾಹೇಬರ ಮನೆಗೇ ಹೋಗಿ ಹೇಳಿದರು — "ಯಾವುದೋ ಒಂದು ಮನೆಯ ಗೀಸರಿಂದ ಕರೆಂಟ್ ಸೋರ್ತಾ ಉಂಟು. ಆ ಕರೆಂಟಿಗೆ ನೆಲಕ್ಕೆ ಇಳಿಯೋ ದಾರಿ ಇಲ್ಲ, ಅದಕ್ಕೆ ಅರ್ಥಿಂಗ್ ತಂತಿ ಹಿಡಿದು ಎಲ್ಲರ ಮನೆಯೊಳಗೂ ನುಗ್ತಾ ಉಂಟು. ಇದು ಕೇಬಲ್ಲಿನ ತಪ್ಪಲ್ಲ. ಜನ ಸಾಯ್ತಾರೆ." ಉತ್ತರ ಏನು ಬಂತು ಗೊತ್ತೇ? "ನೋಡೋಣ ವಸಂತ್, ಜನರಲ್ ಬಾಡಿಯಲ್ಲಿ ಇಡೋಣ."

ತಲೆ ತಗ್ಗಿಸಬೇಡಿ ಸರ್. ಕೇಳಿಸಿಕೊಳ್ಳಿ.

ಮರುವಾರ ನಿಕಿತಾಳ ಪರದೆ ಮತ್ತೆ ಹೋಯಿತು. "ನೀನು ಮುಟ್ಬೇಡ, ನಾನು ತೆಗೀತೇನೆ" ಎಂದರು ಅಪ್ಪ. ಪ್ಲಗ್ಗಿನ ಸ್ವಿಚ್ ಆಫ್ ಮಾಡಿದರು. ಗಮನವಿಟ್ಟು ಕೇಳಿ — ಆಫ್ ಮಾಡಿದರು. ಒಂದು ಕೈಯಲ್ಲಿ ಅಡಾಪ್ಟರಿನ ಲೋಹದ ತುದಿ, ಇನ್ನೊಂದು ಮೊಣಕೈ ಕಿಟಕಿಯ ಗ್ರಿಲ್ಲಿಗೆ ತಾಗಿತ್ತು. ಅರ್ಥಿಂಗ್ ತಂತಿಗೆ ಸ್ವಿಚ್ ಇರುವುದಿಲ್ಲ, ಸ್ವಾಮಿ. ಮನೆಯಲ್ಲಿರುವ ಎಲ್ಲ ಸ್ವಿಚ್ಚುಗಳನ್ನು ಆರಿಸಿದರೂ ಅದು ಆರುವುದಿಲ್ಲ. ಮಗಳ ಕಣ್ಣೆದುರೇ ಹೋದರು.

ಇಷ್ಟಾದ ಮೇಲೆ ಕಮಿಟಿ ಏನು ಮಾಡಿತು? ಗ್ರೂಪಿನಲ್ಲಿ ಮೆಸೇಜ್ ಹಾಕಿತು — ಕಳಪೆ ಅಡಾಪ್ಟರಿನಿಂದ ದುರ್ಘಟನೆ ನಡೆದಿದೆ, ಸದಸ್ಯರೆಲ್ಲ ತಮ್ಮ ತಮ್ಮ ಅಡಾಪ್ಟರ್ ಬದಲಿಸಿಕೊಳ್ಳಿ. ನೀವು ಬದಲಿಸಿಯೂ ಬದಲಿಸಿದಿರಿ! ಹೊಸ ಅಡಾಪ್ಟರ್, ಹೊಸ ಕೇಬಲ್, ಹಳೆಯ ಸಾವು. ಆ ತಾಮ್ರದ ಪಟ್ಟಿ ಇವತ್ತಿಗೂ ಇಲ್ಲ. ಒಳಗೆ ಬರುವಾಗ ನಾನೇ ಹಿಂದೆ ಹೋಗಿ ನೋಡಿ ಬಂದೆ —

ಈಗ ಹೋಯಿತಲ್ಲ, ನೋಡಿದಿರಾ? ನನ್ನ ಹಿಂದೆ, ವಸಂತಣ್ಣನ ಫೋಟೋ ಹಾಕಿದ ಈ ಪರದೆ — ಕಪ್ಪಾಗಿ, ಮತ್ತೆ ಬಂತು.

ಬೇಡ, ಬೇಡ! ಯಾರೂ ಎದ್ದು ಬಂದು ಕೇಬಲ್ ಅಲ್ಲಾಡಿಸಬೇಡಿ. ಕೈ ತೆಗೆಯಿರಿ ಅಲ್ಲಿಂದ. ಈ ಸೊಸೈಟಿ ಹಾಲ್‌ಗೂ ನಿಮ್ಮ ವಿಂಗಿನದೇ ಲೈನು. ಮೇಲೆ ಯಾರೋ ಆ ಗೀಸರ್ ಹಾಕಿದ್ದಾರೆ.

ಯಾರು? ವಿಂಗಿನವರೆಲ್ಲ ಇಲ್ಲೇ ಇದ್ದೀರಲ್ಲ?

ಮಾನ್ಯಾ, ಯಾಕೆ ಎದ್ದಿರಿ? ಜೋರಾಗಿ ಹೇಳಿ. ಏನು, ನಿಮ್ಮ ಅತ್ತೆ — ವೇದಮ್ಮ — ಮಂಡಿ ನೋವೆಂದು ಕೆಳಗೆ ಬರಲಿಲ್ಲವೇ? ಒಬ್ಬರೇ ಇದ್ದಾರೆ. ಸ್ನಾನ ಮುಗಿಸಿ ದೇವರಿಗೆ ದೀಪ ಹಚ್ಚುತ್ತೇನೆ ಎಂದಿದ್ದರು. ಹಾಗಾದರೆ ಸೋರುವ ಗೀಸರ್ ನಿಮ್ಮ ಮನೆಯದು.

ಓಡಿ! ಲಿಫ್ಟ್ ಬೇಡ, ಕರೆಂಟ್ ಇಳಿಸುತ್ತೇವೆ, ಸಿಕ್ಕಿಕೊಳ್ಳುತ್ತೀರಿ. ಮೆಟ್ಟಿಲು ಹತ್ತಿ. ಬಾಗಿಲಿನಿಂದಲೇ ಕೂಗಿ, ನಲ್ಲಿ ಮುಟ್ಟಬೇಡಿ ಅಂತ. ಅವರು ಬಿದ್ದಿದ್ದರೆ — ಬಿದ್ದಿದ್ದರೆ ಕರೆಂಟ್ ಹೋಗುವ ತನಕ ನೀವೂ ಮುಟ್ಟಬೇಡಿ. ನಿಕಿತಾ, ಅವರಿಗೆ ಫೋನ್ ಮಾಡು ಮಗಾ, ಎತ್ತುವ ತನಕ ಮಾಡು.

ಅಶ್ವತ್ಥನಾರಾಯಣ ಅವರೇ, ಮೀಟರ್ ರೂಮಿನ ಕೀಲಿ. ಈಗ ಯಾವ ವಿವರಣೆಯೂ ಬೇಡ ಸರ್, ಕೀಲಿ! ಇಡೀ ವಿಂಗಿನ ಮೇನ್ ಇಳಿಸಿ. ಫ್ಯಾನು ನಿಲ್ಲುತ್ತದೆ, ಫೋಟೋ ಹೋಗುತ್ತದೆ, ಈ ಮೈಕೂ ಹೋಗುತ್ತದೆ. ಹೋಗಲಿ. ಪಟ್ಟಿ ಬರುವ ತನಕ ಆ ಮೇನ್ ಎತ್ತಲು ನಾನು ಬಿಡುವುದಿಲ್ಲ, ಅದರ ಮುಂದೆಯೇ ಕೂರುತ್ತೇನೆ.

ಉಳಿದವರು ಎದ್ದು ನಿಲ್ಲಿ. ಸುಗುಣಕ್ಕ, ನನ್ನ ಕೈ ಹಿಡಿದುಕೊಳ್ಳಿ. ನಮ್ಮ ವಸಂತಣ್ಣನಿಗಾಗಿ ಮೌನ. ಕುರ್ಚಿ ಎಳೆಯಬೇಡಿ, ಅಳುವವರು ಬಾಯಿಗೆ ಸೆರಗು ಇಟ್ಟುಕೊಳ್ಳಿ — ಮೇಲಿನಿಂದ ಮಾನ್ಯಾ ಏನು ಕೂಗುತ್ತಾರೋ ನಮಗೆ ಕೇಳಿಸಬೇಕು.